ಅದಲಿ-ಬದಲಿ ಜಾಗ

ಇಂಗ್ಲಿಷ್ ಪದಗಳಿಗೆ ಸಮಾನ ಕನ್ನಡ ಪದ ಹುಡುಕುವ ಮಹನೀಯರಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ. ವಿದ್ವಾಂಸರಾದರೆ ಅದಕ್ಕೆ ಶಾಲು, ಹಾರ ಬರುತ್ತವೆ. ನೌಕರದಾರನಿಗೆ ಏನು ಬರುತ್ತದೆಂಬುದನ್ನು ನನ್ನನ್ನು ಕೇಳಬೇಕು.

ಎಂಬತ್ತರ ದಶಕದ ಕೊನೆಗೆ ಶಿಗ್ಗಾಂವದ ನಮ್ಮ ಸಹಕಾರಿ ಸಂಘಕ್ಕೆ ಕಂಪ್ಯೂಟರ್ ಆಗಮಿಸಿತು. ಯಂತ್ರ ಒಂದು, ಪರದೆ ನಾಲ್ಕು. ನಾಲ್ವರು ಗುಮಾಸ್ತರು ಒಮ್ಮೆಗೇ ಕೆಲಸ ಮಾಡಬಹುದೆಂದು ತಂದವರು ಹೇಳಿದ್ದರು. ಸುಳ್ಳಲ್ಲ, ಮಾಡಬಹುದಿತ್ತು, ಮುಗಿಸಲು ಮಾತ್ರ ಆಗುತ್ತಿರಲಿಲ್ಲ. ತರಬೇತಿ ಪಡೆದ ಪಾಪಕ್ಕೆ ಅದರ ಅರ್ಚಕತ್ವ ನನ್ನ ಪಾಲಿಗೆ ಬಂದಿತ್ತು. ಯಂತ್ರದ ನೆನಪು ಸಣ್ಣದು. ಹೊಸ ಕೆಲಸ ಬಂದರೆ, ಸುಮ್ಮನೆ ಕೂತ ಹಳೆಯ ಕೆಲಸವನ್ನು ಎತ್ತಿ ಡಿಸ್ಕಿನ ಮೂಲೆಯೊಂದರಲ್ಲಿಟ್ಟು, ಸರದಿ ಬಂದಾಗ ಮತ್ತೆ ಒಳಗೆ ಕರೆಯುತ್ತದೆ. ಮದುವೆಮನೆಯಲ್ಲಿ ಪಂಕ್ತಿ ತುಂಬಿದಾಗ ಉಳಿದ ಬೀಗರನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂಡಿಸುವಂತೆ. ಆ ಮೂಲೆಗೆ ಸ್ವಾಪ್ ಸ್ಪೇಸ್ ಎಂದು ಹೆಸರು. ನಮ್ಮಲ್ಲಿ ಆ ಕಟ್ಟೆ ತೀರ ಚಿಕ್ಕದು. ಹತ್ತಿಯ ಸುಗ್ಗಿಯಲ್ಲಿ ನಾಲ್ಕೂ ಪರದೆಗಳು ಕಲ್ಲಾಗುತ್ತಿದ್ದವು.

"ಸರ, ನಿಮ್ಮ ಮಶಿನ್ನು ಮತ್ತ ಮಲಕೊಂಡೈತ್ರಿ. ಎಬ್ಬಸ್ತೀರೋ, ನಾವೂ ಮಲಕೊಳ್ಳೋಣೋ?" ಎಂದು ಗುಮಾಸ್ತರು ಕೇಳುತ್ತಿದ್ದರು. ಕಟ್ಟೆ ದೊಡ್ಡದು ಮಾಡಬೇಕಾದರೆ ಇದ್ದದ್ದನ್ನೆಲ್ಲ ಟೇಪಿಗೆ ಇಳಿಸಿ, ಡಿಸ್ಕನ್ನು ಹೊಸದಾಗಿ ಪಾಲು ಮಾಡಬೇಕು. ಅದಕ್ಕೆ ಧಾರವಾಡದ ಜಿಲ್ಲಾ ಕಚೇರಿಯ ಸಾಹೇಬರ ಅಪ್ಪಣೆ ಬೇಕು.

ಇಲ್ಲಿ ನನ್ನ ಸಂಸಾರದ ಸಂಗತಿ ಹೇಳಬೇಕು. ಹೆಂಡತಿ ಸುಮಿತ್ರಾ ಸವಣೂರಿನಲ್ಲಿ ಶಾಲಾ ಶಿಕ್ಷಕಿ. ಬಹಳ ವರ್ಷ ಆಕೆ ಅಲ್ಲಿ, ನಾನು ಹಾನಗಲ್ಲಿನಲ್ಲಿ; ನಾವು ರವಿವಾರದ ದಂಪತಿಗಳು. ಶಿಗ್ಗಾಂವಕ್ಕೆ ಬಂದ ಮೇಲೆಯೇ ಒಂದು ಮನೆ ಮಾಡಿದ್ದು. ಆಕೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುತ್ತಿದ್ದಳು. ಮೊದಲು ರವಿವಾರದವರೆಗೆ ಕಾಯ್ದಿಡಬೇಕಾಗಿದ್ದ ಜಗಳಗಳು ಈಗ ಅಂದಂದೇ ಮುಗಿಯುತ್ತಿದ್ದವು. ಇದಕ್ಕಿಂತ ಸುಖ ನಾನು ಬೇಡಿರಲಿಲ್ಲ.

ಸಾಹೇಬರು ತಪಾಸಣೆಗೆ ಬಂದರು. ಊಟ ಮುಗಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ನಾನು "ಸ್ವಾಪ್" ಎನ್ನುತ್ತಲೇ ಕೈಯೆತ್ತಿದರು.

"ಕನ್ನಡದಾಗ ಹೇಳ್ರಿ. ಆಡಳಿತ ಭಾಷಾ ಕನ್ನಡ ಐತಿ."

ನನ್ನೊಳಗಿನ ಪಂಡಿತ ಎದ್ದು ನಿಂತ: ಸ್ವಾಪ್ ಎಂದರೆ ಅದಲಿ-ಬದಲಿ, ಸ್ಪೇಸ್ ಎಂದರೆ ಜಾಗ. "ಸಾಹೇಬ್ರ, ಅದಲಿ-ಬದಲಿಗೆ ಜಾಗಾ ಬೇಕಾಗೇತ್ರಿ. ಈಗಿನ ಜಾಗಾದಾಗ ಭಾಳ ತ್ರಾಸ ಆಗಾಕತ್ತೈತಿ."

"ಎಂದಿನಿಂದ?"

"ಬಂದಾಗಿಂದನೂರಿ."

"ಮತ್ತ ಇಷ್ಟ ದಿವಸ ಯಾಕ ಬಾಯಿ ಮುಚ್ಚಿಕೊಂಡ ಕುಂತ್ರಿ? ದೊಡ್ಡ ಜಾಗಾನ ಬೇಕೇನು?"

"ದೊಡ್ಡದಿದ್ರ ಛಲೋರಿ."

"ಆತು, ಮಾಡೋಣಂತ."

ನಮ್ಮ ಖಾತೆಯಲ್ಲಿ ಅದಲಿ-ಬದಲಿ ಎಂದರೆ ಒಂದೇ ಅರ್ಥ: ಇಬ್ಬರು ನೌಕರರು ಪರಸ್ಪರ ಊರು ಬದಲಿಸಿಕೊಳ್ಳುವುದು. ಅದೇ ಖಾತೆಯಲ್ಲಿ ತಲೆಗೂದಲು ಬೆಳ್ಳಗಾದ ನನಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಹುಕುಂ ಬಂತು. ನಾನು ಹಿರೇಕೆರೂರಿಗೆ, ಅಲ್ಲಿನ ಬಸನಗೌಡ ನನ್ನ ಕುರ್ಚಿಗೆ. ಹಿರೇಕೆರೂರಿನ ಕಚೇರಿ ನಿಜಕ್ಕೂ ದೊಡ್ಡದು. ಗೋದಾಮು, ಅಂಗಳ, ಎಲ್ಲ ಇದೆ. ಕಂಪ್ಯೂಟರ್ ಮಾತ್ರ ಇಲ್ಲ.

"ನನಗೊಂದ ಮಾತ ಕೇಳದ ಬದಲಿ ಬೇಡಿದ್ರೇನು?" ಎಂದಳು ಸುಮಿತ್ರಾ.

"ನನಗಲ್ಲ ಮಾರಾಯ್ತಿ, ಮಶಿನ್ನಿಗೆ ಜಾಗಾ ಕೇಳಿದ್ದೆ."

"ಮಶಿನ್ನಿಗೆ ಕೇಳಿದ್ರ ಮಶಿನ್ನ ಕಳಸ್ತಿದ್ರು."

ಹಿರೇಕೆರೂರಿನಿಂದ ಶಾಲೆಗೆ ದಿನಾ ಬಂದುಹೋಗುವ ದೂರವಲ್ಲ; ಆಕೆ ಸವಣೂರಿನಲ್ಲಿ ಮತ್ತೆ ಒಂದು ಕೋಣೆ ನೋಡತೊಡಗಿದಳು. ನಾನು ಧಾರವಾಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ವಾಕ್ಯ ಕಟ್ಟಿದೆ: ತಪ್ಪು ನನ್ನದೂ ಅಲ್ಲ, ಸಾಹೇಬರದೂ ಅಲ್ಲ, ಕೇವಲ ಶಬ್ದದ್ದು. ಕಲಘಟಗಿಯ ಕಡೆಯ ಒಬ್ಬ ಮುದುಕ ನನ್ನ ತುಟಿ ಅಲುಗುವುದನ್ನು ಕಂಡು ಜಪವೆಂದು ತಿಳಿದು ಗೌರವದಿಂದ ಸರಿದು ಕೂತ. ಆದರೆ ಬಾಗಿಲಲ್ಲಿ ನನ್ನನ್ನು ಕಂಡೊಡನೆ ಸಾಹೇಬರು ಇಡೀ ಕಚೇರಿಗೆ ಕೇಳುವಂತೆ ಕೂಗಿದರು:

"ಬರ್ರಿ, ಬರ್ರಿ! ಖುಷಿ ಆತಿಲ್ಲೋ? ಆ ಬಸನಗೌಡನ್ನ ಒಪ್ಪಸಾಕ ಎಷ್ಟ ಹೆಣಗೇನಿ, ನಿಮಗೇನ ಗೊತ್ತು! ಊರ ಬಿಡಾಕ ಒಲ್ಲೆ ಅಂತಿದ್ದ."

ಗುಮಾಸ್ತರೆಲ್ಲ ನನ್ನ ಮುಖ ನೋಡುತ್ತಿದ್ದರು. ದಾರಿಯಲ್ಲಿ ಕಟ್ಟಿದ್ದ ವಾಕ್ಯ ಬಾಯಿಗೆ ಬರುವಷ್ಟರಲ್ಲಿ ಬದಲಾಯಿತು.

"ಭಾಳ ಉಪಕಾರ ಆತ್ರಿ" ಎಂದೆ.

"ಮತ್ತೇನರ ಬೇಕಾದ್ರ ನಾಚಬ್ಯಾಡ್ರಿ, ಹೇಳ್ರಿ."

"ಏನೂ ಬ್ಯಾಡ್ರಿ."

ನನ್ನ ಕನ್ನಡದಲ್ಲಿ ಸಾಹೇಬರು ಸರಿಯಾಗಿ ಅರ್ಥಮಾಡಿಕೊಂಡದ್ದು ಇದೊಂದೇ ಮಾತು. ನಾನು ನಿವೃತ್ತನಾಗುವವರೆಗೂ ಅದನ್ನು ಅಕ್ಷರಶಃ ಪಾಲಿಸಿದರು.