ಇಲ್ಲೇ ಬಂದೇನ್ರಿ

ಹನ್ನೆರಡು ಲಾರಿಗಳನ್ನು ಒಂದು ಪರದೆಯ ಮೇಲೆ ಕಾಯುವವನಿಗೆ ನಗುವಿನ ಬರ ಎಂಬುದಿಲ್ಲ, ದಿನಕ್ಕೊಂದು ಪ್ರಸಂಗ ತಾನಾಗಿ ನಡೆಯುತ್ತದೆ. ಹುಬ್ಬಳ್ಳಿಯ ನಮ್ಮ ಸಾಗಣೆ ಕಚೇರಿಗೆ ಲಾರಿ ಎಲ್ಲಿದೆಯೆಂದು ತೋರಿಸುವ ಜಿಪಿಎಸ್ ಡಬ್ಬಿಗಳು ಬಂದ ದಿನ ನನಗೆ ಹೇಳತೀರದ ಸಂಭ್ರಮ. ಗೋದಾಮಿನಲ್ಲಿ ಚೀಲ ಎಣಿಸುತ್ತಿದ್ದವನಿಗೆ ಈಗ ಕುರ್ಚಿ, ಪರದೆ, ನಕಾಶೆಯ ತುಂಬ ಓಡಾಡುವ ಹಸಿರು ಚುಕ್ಕೆಗಳು! ಮಾಲಕರು ಮಾತ್ರ, "ಹದಿನೈದು ದಿನ ನೋಡ್ತೇನಿ. ಉಪಯೋಗ ಇಲ್ಲಂದ್ರ ಡಬ್ಬಿ ಎಲ್ಲಾ ಕಿತ್ತಸ್ತೇನಿ, ನೀ ಮತ್ತ ಗೋದಾಮಿಗೆ ನಡಿ," ಎಂದರು. ಅವರಿಗೆ ನಂಬಿಕೆ ಬರಲೆಂದು ಮೊದಲ ಡಬ್ಬಿಯನ್ನು ಅವರ ಕಾರಿಗೇ ಕೂಡಿಸಿ ತೋರಿಸಿದೆ. ಆಮೇಲೆ ಅದನ್ನು ಅವರೂ ಮರೆತರು, ನಾನೂ ಮರೆತೆ.

ಬಿಸಿ ಅದಾವು

ಮೂರನೇ ದಿನ ಉಪ್ಪಿನಬೆಟಗೇರಿಯ ಗಿರಾಕಿ, ಸಿಮೆಂಟ್ ಇನ್ನೂ ಬಂದಿಲ್ಲವೆಂದು ಫೋನ್ ಮಾಡಿದರು. ನಾನು ಆ ಲಾರಿಯ ಡ್ರೈವರನಿಗೆ ಫೋನ್ ಹಚ್ಚಿದೆ.

"ಇಲ್ಲೇ ಬಂದೇನ್ರಿ. ಊರು ಕಾಣಾಕತ್ತೈತಿ."

ಈ 'ಇಲ್ಲೇ' ನಮ್ಮ ಕಡೆಯ ಬಹು ದೊಡ್ಡ ಜಾಗ, ಹುಬ್ಬಳ್ಳಿಯಿಂದ ಬೆಳಗಾವಿಯವರೆಗೂ ಹಬ್ಬಿದೆ. ನೋಡಿದರೆ ಚುಕ್ಕೆ ಇನ್ನೂ ಹುಬ್ಬಳ್ಳಿಯ ಅಂಚಿನ ಉಣಕಲ್ಲಿನಲ್ಲೇ ನಿಂತಿತ್ತು.

"ಮತ್ತ ನಕಾಶೆದಾಗ ಮಿರ್ಚಿ ಭಜಿ ಅಂಗಡಿ ಮುಂದ ಅದೀಯಲ್ಲಪಾ?"

ಆ ಕಡೆ ಎಣ್ಣೆ ಚುಂಯ್ ಎಂದಿತು. ಆಮೇಲೆ, "ಬಿಸಿ ಅದಾವ್ರಿ. ನಿಮಗೂ ನಾಕು ಕಟ್ಟಸ್ಲೇನ್ರಿ?"

ಹೊಲದಾಗ ಲಾರಿ

ಅದೇ ಡ್ರೈವರ ಮುಂದಿನ ವಾರ ಶಾಣ್ಯಾ ಆದ. ಅಮ್ಮಿನಬಾವಿಯ ಬೀಗರ ಮನೆಯಲ್ಲಿ ಊಟಕ್ಕೆ ಕೂತರೆ ಚುಕ್ಕೆ ನಿಂತುಬಿಡುತ್ತದಲ್ಲ, ಅದಕ್ಕೇ ಡಬ್ಬಿ ಬಿಚ್ಚಿ ಬೀಗರ ಟ್ರ್ಯಾಕ್ಟರಿಗೆ ಕಟ್ಟಿದ. ಇಲ್ಲಿ ಪರದೆಯ ಮೇಲೆ ನಮ್ಮ ಲಾರಿ ಹೊಲಕ್ಕಿಳಿದು ಆ ಬದುವಿನಿಂದ ಈ ಬದುವಿಗೆ ತಿರುಗತೊಡಗಿತು. ಸ್ವತಃ ಒಕ್ಕಲುತನದ ಮನೆಯವರಾದ ಮಾಲಕರು ಬಗ್ಗಿ ನೋಡಿದರು. ಈಗ ಬೈಗುಳ ಬಂತು ಎಂದು ಕಾದೆ.

"ಏನರೆ ಅನ್ನು," ಎಂದರು, "ಸಾಲು ಭಾಳ ನೆಟ್ಟಗ ಹೊಡ್ಯಾಕತ್ತೈತಿ ಲಾರಿ."

ಹದಿನೈದನೇ ದಿನ

ಮಾಲಕರು ಹೇಳಿದಂತೆ ಡಬ್ಬಿ ಬಿಚ್ಚಲು ಮೆಕ್ಯಾನಿಕ್ ಬಂದು ಕೂತಿದ್ದ. ಅಷ್ಟರಲ್ಲಿ ಮಾಲಕರ ಹೆಂಡತಿ, ನಮ್ಮೆಲ್ಲರ ಅಕ್ಕಾರು, ಬಂದರು. ನಾಲ್ಕಕ್ಕೆ ಸಪ್ತಾಪುರದಲ್ಲಿ ಮಗನಿಗೆ ಹೆಣ್ಣು ನೋಡುವುದಿತ್ತು, ಗಂಡನ ಪತ್ತೆ ಇಲ್ಲ. ಫೋನ್ ಹಚ್ಚಿದರು.

"ಇಲ್ಲೇ ಬಂದೇನಿ," ಎಂದರು ಮಾಲಕರು ಆ ಕಡೆಯಿಂದ. "ಆಫೀಸು ಕಾಣಾಕತ್ತೈತಿ."

ಅಕ್ಕಾರು ಫೋನಿಗೆ ಕೈ ಅಡ್ಡ ಹಿಡಿದು, "ಇದರಾಗ ನಮ್ಮ ಕಾರು ಕಾಣ್ತೈತೇನ್ರಿ?" ಎಂದು ನನ್ನನ್ನು ಕೇಳಿದರು.

ಥಟ್ಟನೆ ಮೊದಲ ಡಬ್ಬಿ ನೆನಪಾಯಿತು. ಒತ್ತಿದೆ. ಅಕ್ಕಾರ ಎದುರೇ ಕಂಡಿತು. ಅದೇ ಉಣಕಲ್ಲು, ಅದೇ ಮಿರ್ಚಿ ಅಂಗಡಿ. ಕರಿದದ್ದು ಮುಟ್ಟಬೇಡಿ ಎಂದು ಡಾಕ್ಟರು ಮಾಲಕರಿಗೆ ಹೇಳಿ ಆರು ತಿಂಗಳಾಗಿತ್ತು. ನನ್ನ ಕುರ್ಚಿ ಹೋಯಿತು ಎಂದುಕೊಂಡೆ.

"ಎಷ್ಟು ಮಿರ್ಚಿ ಆದೂವ್ರಿ?" ಎಂದು ಅಕ್ಕಾರು ಫೋನಿನಲ್ಲಿ ತಣ್ಣಗೆ ಕೇಳಿದರು. ಆ ಕಡೆ ಮತ್ತೆ ಎಣ್ಣೆ ಚುಂಯ್ ಎಂದಿತು. ಅಕ್ಕಾರು ಮೆಕ್ಯಾನಿಕ್ ಕಡೆ ತಿರುಗಿ, "ಒಂದೂ ಡಬ್ಬಿ ಮುಟ್ಟಬ್ಯಾಡ್ರಿ. ಇಷ್ಟು ಉಪಯೋಗದ ಸಾಮಾನು ಈ ಆಫೀಸಿನಾಗ ಇನ್ನೊಂದಿಲ್ಲ," ಎಂದರು. ನನಗೆ ಅಲ್ಲೇ ಕುಣಿಯಬೇಕು ಎನಿಸಿತು.

ಮರುದಿನ ಮಾಲಕರು ಮೆಲ್ಲಗೆ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಡಬ್ಬಿ ಇರ್ಲಿ, ನೀನೂ ಇರು. ಆದ್ರ ಆ ನಕಾಶೆದಾಗಿಂದ ಮಿರ್ಚಿ ಅಂಗಡಿ ಒಂದು ಅಳಸಾಕ ಬರ್ತೈತೇನೋ?"