ಬಾಗಿಲ ಹಿಂದಿನ ಇಂಗ್ಲಿಷು

ಎಲ್ಲ ಅನಾಹುತಕ್ಕೂ ಕಾರಣ ಒಂದು ದಪ್ಪ ಇಂಗ್ಲಿಷ್ ವ್ಯಾಕರಣದ ಪುಸ್ತಕ. ಕಚೇರಿಯ ರೆಕಾರ್ಡು ಕೋಣೆಯ ಬಾಗಿಲಿಗೆ ಒಳಗಡೆ ಹಿಡಿಯೇ ಇರಲಿಲ್ಲ. ಮುಚ್ಚಿಕೊಂಡರೆ ಹೊರಗಿನವರೇ ತೆಗೆಯಬೇಕು. ಅದಕ್ಕೇ ಅಲ್ಲಿನ ಗುಮಾಸ್ತ ಆ ಪುಸ್ತಕವನ್ನು ಸಂದಿಗೆ ಸಿಕ್ಕಿಸಿಟ್ಟಿದ್ದ. ಅದು ಅವನ ಕೈಯಲ್ಲಿದ್ದದ್ದಕ್ಕಿಂತ ಬಾಗಿಲ ಸಂದಿಯಲ್ಲಿದ್ದದ್ದೇ ಹೆಚ್ಚು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹನ್ನೆರಡು ವರ್ಷ ಧೂಳು ಕುಡಿದು ಅವನಿಗೆ ಸಾಕುಸಾಕಾಗಿತ್ತು. ಆ ದಿನ ಹನ್ನೊಂದು ಗಂಟೆಗೆ ಇಂಗ್ಲಿಷ್ ಆಲಿಸುವ ಪರೀಕ್ಷೆ. ಕೇಳಿಸಿದ್ದನ್ನು ಅರ್ಥ ಮಾಡಿಕೊಂಡು ಚೆನ್ನಾಗಿ ಉತ್ತರ ಬರೆದವರಿಗೆ ಕಚೇರಿಯ ಮುಂಭಾಗದ ಕೌಂಟರಿನ ಕೆಲಸ: ದೊಡ್ಡ ಕಿಟಕಿ, ತಿರುಗುವ ಕುರ್ಚಿ. ಆ ಕುರ್ಚಿಯಲ್ಲಿ ಹೇಗೆ ತಿರುಗುತ್ತೇನೆಂದು ಹೆಂಡತಿಗೆ ಸ್ಟೂಲಿನ ಮೇಲೆ ತೋರಿಸಿಯೂ ಆಗಿತ್ತು.

ಬೆಳಿಗ್ಗೆ ಬಂದವನೇ ಜಂಬ ಕೊಚ್ಚಿದ. "ಪರೀಕ್ಷೆ ಮುಗಿಯೋವರೆಗೂ ನನ್ನ ಬಾಯಿಂದ ಮನೆಮಾತಿನ ಒಂದೇ ಒಂದು ಪದ ಬಂದ್ರೂ ನನ್ನ ಹೆಸರು ಹೊಡೆದು ಹಾಕಿ ಸಾರ್."

ಹೆಡ್‌ಕ್ಲರ್ಕು ಅದನ್ನು ಬರೆದುಕೊಂಡು ರುಜು ಹಾಕಿಸಿಕೊಂಡರು. ಅವರೂ ಪರೀಕ್ಷೆಗೆ ಕೂರುವವರೇ.

ದಿನದಂತೆ ಅವನು ಇಂಗ್ಲಿಷ್ ಪಾಠದ ಹಾಳೆ ಹಿಡಿದು ಗಟ್ಟಿಯಾಗಿ ಓದಲು ಒಳಗೆ ಹೋದ. ಹೊರಗೆ ಹೆಡ್‌ಕ್ಲರ್ಕು, ಟೈಪಿಸ್ಟು, ಡ್ರೈವರು ಮೂವರಿಗೂ 'ಎರಡು ವರ್ಷದಿಂದ' ಅನ್ನುವುದಕ್ಕೆ ಸಿನ್ಸ್ ಹಾಕಬೇಕೋ ಫಾರ್ ಹಾಕಬೇಕೋ ಎಂದು ಜಗಳ ಹತ್ತಿತು.

"ಇರಿ, ಪುಸ್ತಕಾನೇ ಕೇಳೋಣ," ಎಂದು ಟೈಪಿಸ್ಟು ಸಂದಿಯಿಂದ ಅದನ್ನು ಎಳೆದುಕೊಂಡಳು. ಬಾಗಿಲು ಧಡಾರನೆ ಮುಚ್ಚಿತು. ಯಾರೂ ತಿರುಗಿ ನೋಡಲಿಲ್ಲ. ಪುಸ್ತಕ ಟೈಪಿಸ್ಟಿನ ಪಕ್ಷ ವಹಿಸಿತು. ಹೆಡ್‌ಕ್ಲರ್ಕು ಪುಸ್ತಕವೇ ತಪ್ಪೆಂದರು.

ಒಳಗಿದ್ದವನು ಬಾಗಿಲ ಬಳಿಗೆ ಓಡಿಬಂದ. ಕಿರುಚೋಣವೆಂದರೆ ಕೊಟ್ಟ ರುಜು ನೆನಪಾಯಿತು. ಗಂಟಲು ಸರಿಮಾಡಿಕೊಂಡು ಕೂಗಿದ: "ಹಲೋ. ಐ ಆಮ್ ಇನ್‌ಸೈಡ್. ಪ್ಲೀಸ್ ಓಪನ್ ದ ಡೋರ್."

"ಇವತ್ತು ಯಾವುದೋ ಹೊಸ ಪಾಠ ಓದ್ತಿದಾರೆ," ಎಂದಳು ಟೈಪಿಸ್ಟು.

"ಒಳ್ಳೇದೇ ಆಯ್ತು, ನಮಗೂ ಅಭ್ಯಾಸ," ಎಂದು ಹೆಡ್‌ಕ್ಲರ್ಕು ಕುರ್ಚಿ ಎಳೆದುಕೊಂಡರು. "ಮೊದಲನೇ ಪ್ರಶ್ನೆ. ಆ ಮನುಷ್ಯ ಎಲ್ಲಿದಾನೆ?"

"ಕೋಣೆ ಒಳಗೆ ಸಾರ್," ಎಂದ ಡ್ರೈವರು.

"ಸರಿ. ಅವನಿಗೆ ಏನು ಬೇಕು?"

"ಬಾಗಿಲು ತೆಗೀಬೇಕು."

"ಭೇಷ್."

ಯಾರೂ ಎದ್ದು ಬಾಗಿಲು ತೆಗೆಯಲಿಲ್ಲ. ಒಳಗಿನವನು ಅದನ್ನೆಲ್ಲ ಕೇಳಿಸಿಕೊಂಡು ಬಾಗಿಲು ಗುದ್ದತೊಡಗಿದ.

"ಪಾಪ, ಆ ಮನುಷ್ಯನ ಕಷ್ಟ ಕೇಳಿದ್ರೆ ಹೊಟ್ಟೆ ಚುರ್ ಅನ್ನತ್ತೆ," ಎಂದ ಡ್ರೈವರು.

"ಪಾಠದಲ್ಲಿ ಬರೋರಿಗೆಲ್ಲ ಮರುಗ್ತಾ ಕೂತ್ರೆ ಉತ್ತರ ಬರೆಯೋದು ಯಾವಾಗಯ್ಯಾ?" ಎಂದು ಹೆಡ್‌ಕ್ಲರ್ಕು ಗದರಿದರು.

ಅಷ್ಟರಲ್ಲಿ ಪರೀಕ್ಷಕಿ ಮೇಡಂ ಬಂದರು. ಪಾಠ ಕೇಳಿಸಬೇಕಿದ್ದ ಅವರ ಟೇಪ್ ರೆಕಾರ್ಡರ್ ದಾರಿಯಲ್ಲೇ ಕೆಟ್ಟು, ಮುಖ ಬಾಡಿತ್ತು. ಬಾಗಿಲ ಹಿಂದಿನ ದನಿ ಕೇಳಿ ಅರಳಿತು.

"ಒಳಗಿರೋರು ಯಾರು?"

"ನಮ್ಮ ರೆಕಾರ್ಡು ಗುಮಾಸ್ತರು ಮೇಡಂ, ಓದ್ತಿದಾರೆ," ಎಂದರು ಹೆಡ್‌ಕ್ಲರ್ಕು. ಅವನೂ ಪರೀಕ್ಷೆಗೆ ಕೂರಬೇಕು ಎನ್ನಲು ಡ್ರೈವರು ಬಾಯಿ ತೆರೆದ. ಹೆಡ್‌ಕ್ಲರ್ಕು ಅವನ ಕಾಲು ತುಳಿದರು.

"ನನ್ನ ಮಾನ ಉಳಿಸಿದ್ರಿ. ಇದರ ಮೇಲೇ ಐದು ಪ್ರಶ್ನೆ ಕೊಡ್ತೀನಿ, ಬರೀರಿ."

ಪರೀಕ್ಷೆ ಶುರುವಾದದ್ದು ಒಳಗಿದ್ದವನಿಗೂ ಕೇಳಿಸಿತು. "ಮೈ ಎಕ್ಸಾಮ್, ಮೈ ಎಕ್ಸಾಮ್" ಎಂದು ಗೋಳಾಡಿದ. ಐದನೇ ಪ್ರಶ್ನೆ, ಅವನ ದುಃಖಕ್ಕೆ ಕಾರಣವೇನು ಎಂಬುದು. ಮೂವರೂ ಸರಿಯಾಗಿ ಬರೆದರು.

ಉತ್ತರದ ಕಾಗದ ಒಟ್ಟುಗೂಡಿಸುವ ಸದ್ದು ಕೇಳಿದ್ದೇ ತಡ, ಅವನ ವ್ರತ ಮುರಿದುಬಿತ್ತು. "ಅಯ್ಯೋ, ಬಾಗಿಲು ತೆಗೀರಪ್ಪಾ, ನಿಮಗೆ ಪುಣ್ಯ ಬರತ್ತೆ."

ತೆಗೆದರು. ಧೂಳು ಮೆತ್ತಿಕೊಂಡು, ಕಣ್ಣೀರು ಹರಿಸುತ್ತ ಬಂದವನು ನಡೆದದ್ದನ್ನೆಲ್ಲ ಹೇಳಿ, ತನಗೂ ಪರೀಕ್ಷೆ ಕೊಡಬೇಕೆಂದು ಕೈಮುಗಿದ. ಹೆಡ್‌ಕ್ಲರ್ಕು ರುಜುವಿನ ಕಾಗದಕ್ಕೆ ಜೇಬು ತಡಕಿದರು.

"ಅದೇನೂ ಬೇಡ," ಎಂದರು ಮೇಡಂ. "ಒಂದು ಸಲ ಪಾಠ ಓದಿದವರು ಮುಂದೆ ಯಾವತ್ತೂ ಈ ಪರೀಕ್ಷೆ ಬರೆಯೋ ಹಾಗಿಲ್ಲ, ಇಲಾಖೆ ನಿಯಮ. ಆದ್ರೆ ಇಷ್ಟು ಭಾವ ತುಂಬಿ ಓದೋರನ್ನ ನಾನು ಕಂಡೇ ಇಲ್ಲ. ಇನ್ಮೇಲೆ ಪ್ರತಿ ತಿಂಗಳೂ ಇವರೇ ಓದಲಿ. ಇದೇ ಕೋಣೆ, ಹೀಗೇ ಮುಚ್ಚಿ."

ತಿರುಗುವ ಕುರ್ಚಿ ಟೈಪಿಸ್ಟಿಗೆ ಹೋಯಿತು. ಸಂಜೆಯೊಳಗೆ ಬಡಗಿ ಬಂದು ರೆಕಾರ್ಡು ಕೋಣೆಗೆ ಹೊಸ ಚಿಲಕ ಜಡಿದುಹೋದ. ಹೊರಗಡೆಗೆ.