ಜೇನಿಗೆ ಸಕ್ಕರೆ, ಜನಕ್ಕೆ ಬೆಲ್ಲ

ಮನೆ ಹಿಂದೆ ಒಂದು ಜೇನುಪೆಟ್ಟಿಗೆ ಇದ್ದರೆ ಸಾಕು, ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವವರು ಮಾತ್ರ ಪಕ್ಕದ ಮನೆಯವರು. ಯಾರು ನಕ್ಕರೂ ನಾನು ತಲೆ ಕೆಡಿಸಿಕೊಂಡವಳಲ್ಲ. ನನ್ನ ಜೇನು, ನನ್ನ ಹಟ.

ಆಗ ಯುದ್ಧದ ಕಾಲ. ಸಕ್ಕರೆಯನ್ನು ರೇಷನ್ ಕಾರ್ಡಿಗೆ ಅಳೆದು ಕೊಡುತ್ತಿದ್ದರು. ನಮ್ಮ ಮನೆಯವರು ಕಳಸದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಜೇನುಪೆಟ್ಟಿಗೆ ತಂದವರು ಅವರೇ. ಮೊದಲ ದಿನವೇ ಕಣ್ಣಿನ ರೆಪ್ಪೆಗೆ ಕಚ್ಚಿಸಿಕೊಂಡು, "ಇನ್ನು ಇದು ನಿಂದೇ" ಎಂದು ನನಗೆ ದಾನ ಮಾಡಿಬಿಟ್ಟರು.

ಕಾಫಿ ಹೂವಿನ ಕಾಲ ಮುಗಿಯುವ ಹೊತ್ತಿಗೆ ಜೇನು ಪಾಲಾಯಿತು. ಹಳೇ ರಾಣಿ ಅರ್ಧಕ್ಕಿಂತ ಹೆಚ್ಚು ಹುಳುಗಳನ್ನು ಕಟ್ಟಿಕೊಂಡು ಹಾರಿ, ಪಕ್ಕದಲ್ಲೇ ಇದ್ದ ಎಸ್ಟೇಟಿನ ಮೇಸ್ತ್ರಿಯ ಮನೆ ಮುಂದಿನ ಹಲಸಿನ ಮರದಲ್ಲಿ ಕೂತಳು. ಹಾರಿಹೋದ ಜೇನು ಹಿಡಿದವರಿಗೇ ಸೇರಬೇಕೆಂಬುದು ನಮ್ಮ ಕಡೆಯ ರೂಢಿ. ಮೇಸ್ತ್ರಿ ಅದನ್ನು ಮಡಕೆಗೆ ಇಳಿಸಿಕೊಂಡ. ನನಗೆ ಉಳಿದದ್ದು ಒಂದು ಹೊಸ ರಾಣಿ, ಒಂದು ಹಿಡಿ ಹುಳು, ಮೇಣದ ಖಾಲಿ ಎರಿಗಳು. ಅಷ್ಟರಲ್ಲಿ ಮಳೆ ಹಿಡಿಯಿತು. ಹೊರಗೆ ಹೂವಿಲ್ಲ, ಒಳಗೆ ಜೇನುತುಪ್ಪವಿಲ್ಲ. ಸಕ್ಕರೆ ಪಾಕ ಕೊಡದಿದ್ದರೆ ಈ ಸಂಸಾರ ಶ್ರಾವಣ ಕಾಣುವುದಿಲ್ಲ ಎನ್ನುವುದು ಪೆಟ್ಟಿಗೆ ತೆಗೆದು ನೋಡಿದ ಕೂಡಲೇ ಗೊತ್ತಾಯಿತು.

೧. ಮನೆಯೊಳಗಿನ ಪಂಚಾಯ್ತಿ

"ಜೇನಿಗೇ ಸಿಹಿ ತಿನ್ನಿಸ್ತಾಳಂತೆ! ನಾಳೆ ಹೊಳೆಗೆ ನೀರು ಹೊತ್ತು ಹಾಕ್ತಾಳೆ" ಎಂದರು ನಮ್ಮ ಅತ್ತೆ.

"ಯುಗಾದಿಗೆ ಅದರ ತುಪ್ಪ ಪೂರ್ತಿ ತೆಗೆದವರು ನಾವೇ ಅಲ್ವಾ ಅತ್ತೆ? ಹೋಳಿಗೆಗೆ ಸುರ್ಕೊಂಡು ತಿಂದವರು ಯಾರು?" ಎಂದೆ. ಅತ್ತೆ ಹೂಬತ್ತಿ ಹೊಸೆಯಲು ಕೂತರು.

ಮೇಸ್ತ್ರಿಯೂ ಅಂಗಳದಿಂದ ತನ್ನ ಮಾತು ಸೇರಿಸಿದ. "ಸುಮ್ನೆ ಬಿಡಿ ಅಮ್ಮ. ಕಾಡಿನ ಹುಳ, ದೇವರು ಸಾಕ್ತಾನೆ. ನಾನಂತೂ ಒಂದು ಹರಳು ಸಕ್ಕರೆ ಹಾಕಲ್ಲ."

ಕೊನೆಗೆ ನಮ್ಮ ಮನೆಯವರು ಎದ್ದರು. "ಕಾಫಿ ಎಸ್ಟೇಟಿನ ರೈಟರ್ ಆಗಿ ನಾನು ಬೆಲ್ಲದ ಕಾಫಿ ಕುಡೀಬೇಕಾ? ಆ ಬೆಲ್ಲಾನೇ ಜೇನಿಗೆ ಹಾಕು."

"ಬೆಲ್ಲ ತಿಂದ್ರೆ ಜೇನಿಗೆ ಹೊಟ್ಟೆ ಕೆಡುತ್ತೆ. ನಿಮಗೆ ಕೆಡುತ್ತಾ?"

"ನಂಗ್ಯಾಕೆ ಕೆಡುತ್ತೆ?"

"ಹಾಗಾದ್ರೆ ಮುಗೀತಲ್ಲ" ಎಂದು ಸಕ್ಕರೆ ಡಬ್ಬಿ ಎತ್ತಿಕೊಂಡು ಹೋದೆ.

೨. ಸಾಹುಕಾರರ ಲೋಟ

ಮನೆಮಂದಿಗೆ ಬೆಲ್ಲದ ಕಾಫಿಯಾದರೂ ಬಂದವರಿಗೆ ಸಕ್ಕರೆ ಹಾಕಿ ಕೊಡುವುದು ಮರ್ಯಾದೆ. ಒಂದು ಬೆಳಿಗ್ಗೆ ಎಸ್ಟೇಟಿನ ಸಾಹುಕಾರರೇ ನಮ್ಮ ಜಗಲಿಗೆ ಬಂದು ಕೂತರು. ನಮ್ಮ ಮನೆಯವರು ಕಣ್ಣು, ಹುಬ್ಬು, ಕೈ ಎಲ್ಲದರಲ್ಲೂ ಸನ್ನೆ ಮಾಡಿದರು. ನಾನು ನೋಡದವಳಂತೆ ಬೆಲ್ಲದ ಕಾಫಿಯನ್ನೇ ಕೊಟ್ಟೆ.

ಸಾಹುಕಾರರು ಒಂದು ಗುಟುಕು ಕುಡಿದು, "ಏನು ರೈಟ್ರೇ, ಸಕ್ಕರೆಗೆ ಅಷ್ಟು ತಾಪತ್ರಯನಾ?" ಎಂದರು.

"ಒಂದು ಚಮಚವೂ ಇಲ್ಲ ಸ್ವಾಮಿ" ಎಂದು ಇವರು ಕೈ ಮುಗಿದರು. ಅದೇ ಹೊತ್ತಿಗೆ ನಾನು ಮಳೆಗೆಂದು ಎಲೆಯ ಗೊರಬು ಹೊದ್ದು, ಪಾಕದ ಪಾತ್ರೆ ಹಿಡಿದು, ಅವರ ಮುಂದೆಯೇ ಮಳೆಗಿಳಿದೆ.

"ಅದೇನಮ್ಮ?"

"ಸಕ್ಕರೆ ಪಾಕ. ಜೇನಿಗೆ."

"ಅಂದ್ರೆ ನನಗಿಂತ ಜೇನಿಗೆ ಮರ್ಯಾದೆ ಜಾಸ್ತಿ?"

"ನೀವು ಹೇಗೂ ಈ ಮಳೆಗಾಲ ಕಳೀತೀರಿ. ಅದು ಕಳೆಯೋದೇ ಅನುಮಾನ."

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕು ಇನ್ನೊಂದು ಲೋಟ ಕೇಳಿ ಕುಡಿದರು. ನಮ್ಮ ಮನೆಯವರು ಮಾತ್ರ ಎರಡು ದಿನ ಸಾಹುಕಾರರ ಕಣ್ಣಿಗೆ ಬೀಳದಂತೆ ಹಿಂದಿನ ದಾರಿಯಲ್ಲೇ ಓಡಾಡಿದರು.

೩. ಅರಿಶಿನದ ಹುಳುಗಳು

ಇಷ್ಟೆಲ್ಲ ಜನರನ್ನು ಎದುರು ಹಾಕಿಕೊಂಡು ತಿನ್ನಿಸಿದರೂ ನನ್ನ ಜೇನು ಚೇತರಿಸಿಕೊಳ್ಳಲಿಲ್ಲ. ಪೆಟ್ಟಿಗೆಯ ಪಕ್ಕ ತೆಂಗಿನ ಚಿಪ್ಪಿನಲ್ಲಿ ಪಾಕ ಇಡುತ್ತಿದ್ದೆ. ಮಳೆ ನಿಂತು ಸ್ವಲ್ಪ ಹೊಳವಾದರೆ ಸಾಕು, ಚಿಪ್ಪು ತೊಳೆದಿಟ್ಟಂತೆ ಖಾಲಿ. ಪೆಟ್ಟಿಗೆಯೊಳಗೆ ನೋಡಿದರೆ ಎರಿಯೂ ಖಾಲಿ. ನನಗೆ ಅಳುವೇ ಬಂತು. ಅತ್ತ ಮೇಸ್ತ್ರಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ: "ಒಂದು ಹರಳು ಸಕ್ಕರೆ ಹಾಕಿಲ್ಲ, ನಮ್ಮ ಜೇನು ಮಡಕೆ ತುಂಬಿದೆ!"

ನನಗೆ ಅನುಮಾನ ಬಂತು. ಮಾರನೇ ದಿನ ಚಿಪ್ಪಿಗೆ ಮುತ್ತಿದ ಹುಳುಗಳ ಮೇಲೆ ತೆಳ್ಳಗೆ ಅರಿಶಿನದ ಪುಡಿ ಉದುರಿಸಿ, ಎಲ್ಲಿಗೆ ಹೋಗುತ್ತವೆ ನೋಡೋಣ ಎಂದು ಕಾದೆ. ನನ್ನ ಪೆಟ್ಟಿಗೆಗೆ ಹಳದಿ ಹುಳು ಬೆರಳೆಣಿಕೆಯಷ್ಟು ಬಂದವು. ಉಳಿದವೆಲ್ಲ ಹಲಸಿನ ಮರದ ಕಡೆ ಹಾರಿದವು!

ಮಧ್ಯಾಹ್ನ ಮೇಸ್ತ್ರಿ ಓಡಿಬಂದ. "ಅಮ್ಮಾ, ನಮ್ಮ ಜೇನಿಗೆ ದೇವಿ ಬಂದಿದಾಳೆ! ಮೈಯೆಲ್ಲ ಅರಿಶಿನ! ನನ್ನ ಹೆಂಡ್ತಿ ಮಡಕೆಗೆ ಕಾಯಿ ಒಡೆದು ಮಂಗಳಾರತಿ ಮಾಡ್ತಿದಾಳೆ."

"ಪ್ರಸಾದ ನನಗೂ ಕಳಿಸು. ದೇವಿಗೆ ಅರಿಶಿನ ಹಾಕಿದವಳು ನಾನೇ" ಎಂದೆ.

೪. ಬಾಗಿಲು ಹಾಕಿದ ಮೇಲೆ

ಆವತ್ತೇ ಚಿಪ್ಪನ್ನು ಪೆಟ್ಟಿಗೆಯ ಒಳಗಿಟ್ಟೆ. ಒಂದು ಸಲಕ್ಕೆ ಒಂದೇ ಹುಳು ನುಸುಳುವಷ್ಟು ಸಂದು ಬಿಟ್ಟು ಉಳಿದ ಬಾಗಿಲಿಗೆ ಮೇಣ ಮೆತ್ತಿದೆ. ವಾರದೊಳಗೆ ಎರಿಯಲ್ಲಿ ಪಾಕ ನಿಂತಿತು, ಹೊಸ ರಾಣಿ ಮೊಟ್ಟೆ ಇಟ್ಟಳು. ಜೇನು ಬದುಕಿತು. ನಾನು ಅಂಗಳದಲ್ಲೇ ಚಪ್ಪಾಳೆ ತಟ್ಟಿದೆ.

ಆದರೆ ಮೇಸ್ತ್ರಿ ಜೋಲುಮುಖ ಹಾಕಿಕೊಂಡು ಬಂದು ನಿಂತ. "ಅಮ್ಮ, ನಮ್ಮ ಜೇನು ಹೊಟ್ಟೆಗಿಲ್ದೆ ಸೊರಗ್ತಾ ಇದಾವೆ. ನೀವು ಬಾಗಿಲು ಹಾಕ್ಕೊಂಡ್ರಂತೆ."

"ಅಲ್ಲ ಮಾರಾಯ, ದೇವರು ಸಾಕ್ತಾನೆ ಅಂದವನು ನೀನೇ ಅಲ್ವಾ?"

"ಅಂದಿದ್ದೆ ಅಮ್ಮ. ಆದ್ರೆ ಇದು ಅದರ ತವರುಮನೆ. ಅರಿಶಿನ ಹಚ್ಚಿ ಕಳಿಸಿದ್ದೂ ನೀವೇ. ತವರಿನವ್ರೇ ಬಾಗಿಲು ಹಾಕ್ಕೊಂಡ್ರೆ ಹೆಣ್ಣುಮಗಳು ಎಲ್ಲಿಗೆ ಹೋಗ್ಬೇಕು?"

ಯಾರಿಗೂ ಸೋಲದ ನಾನು ಆವತ್ತು ಸೋತೆ. ಒಳಗಿನಿಂದ ಅತ್ತೆಯ ದನಿ ಬಂತು, "ಅವನ ಜೇನಿಗೂ ಸಕ್ಕರೆ ಕೊಟ್ಟು ಕಳಿಸೇ! ಹೆಣ್ಣುಮಗಳು ಬರಿಗೈಲಿ ಹೋಗಬಾರದು."

ನಮ್ಮ ಮನೆಯವರು ಬೆಲ್ಲದ ಕಾಫಿಯ ಲೋಟ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. "ಅವ್ವಾ, ನಾನೂ ನನ್ನ ತಾಯಿ ಮನೇಲೇ ಇದೀನಿ. ನಂಗೂ ಒಂದು ಚಮಚ ಹಾಕಿಸು."

"ನಿನಗ್ಯಾವ ತವರುಮನೆಯೋ?" ಎಂದರು ಅತ್ತೆ. "ಸುಮ್ನೆ ಬೆಲ್ಲದ್ದೇ ಕುಡಿ."